ಉತ್ತರಪತ್ರಿಕೆಯಲ್ಲಿ ಹನ್ನೊಂದು ಸಹಿ

ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಂತೇ ಹೋಗುವವನು ನಾನು. ಹದಿನಾರು ವರ್ಷ ಕಾರ್ಖಾನೆಯಲ್ಲಿ ನಿಂತು ಕೆಲಸ ಮಾಡಿದ ಕಾಲುಗಳು ಇವು, ಕೂರಿಸಿದರೆ ತಾವಾಗಿಯೇ ಅಲುಗಾಡಲು ಶುರುಮಾಡುತ್ತವೆ. ಇಂಥವನಿಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಪುಸ್ತಕ ಹಿಡಿದು ಕೂರುವ ಪ್ರಸಂಗ ಬಂತು. ಅದೂ ಇಂಗ್ಲಿಷ್ ಪುಸ್ತಕ.

ಮನೆ ಬಸವಕಲ್ಯಾಣದಲ್ಲಿ, ಕೆಲಸ ಹುಮನಾಬಾದಿನ ಒಂದು ಔಷಧ ಕಾರ್ಖಾನೆಯಲ್ಲಿ. ಹಾಜರಿ ಪುಸ್ತಕದಲ್ಲಿ ನಾನು ಹೆಲ್ಪರ್. ಆದರೆ ನಾನು ನೋಡಿಕೊಳ್ಳುತ್ತಿದ್ದದ್ದು ರಿಯಾಕ್ಟರನ್ನು, ಅಂದರೆ ಮಾಳಿಗೆಯಷ್ಟು ಎತ್ತರದ ಉಕ್ಕಿನ ಪಾತ್ರೆಯನ್ನು. ಒಳಗೆ ದ್ರಾವಣ ಕುದಿಯುತ್ತ ತಿರುಗುತ್ತಿರುತ್ತದೆ. ಅದರ ಸದ್ದು ಕೇಳಿದರೆ ಸಾಕು, ಬಿಸಿ ಏರುತ್ತಿದೆಯೋ ಇಳಿಯುತ್ತಿದೆಯೋ ಮಾಪಕದ ಮುಳ್ಳು ನೋಡದೆ ಹೇಳುತ್ತಿದ್ದೆ. ಜಂಬ ಎಂದುಕೊಂಡರೂ ಸರಿ, ಅದೊಂದು ವಿದ್ಯೆ ನನಗೆ ಬರುತ್ತಿತ್ತು. ಆದರೆ ಆ ಬಿಸಿಯನ್ನು ಬರೆದಿಡುವ ಕಾಗದಕ್ಕೆ, ಬ್ಯಾಚ್ ರೆಕಾರ್ಡಿಗೆ, ಸಹಿ ಹಾಕುವ ಹಕ್ಕು ನನಗಿರಲಿಲ್ಲ. ಅಲ್ಲಿ ಆಪರೇಟರ್ ಸಹಿಯೇ ಆಗಬೇಕು, ಆಪರೇಟರ್ ಆಗಲು ಹತ್ತನೇ ಪಾಸಾಗಿರಬೇಕು. ನಾನು ಮುಳ್ಳು ನೋಡಿ ಕೂಗಿ ಹೇಳುವುದು, ನನಗಿಂತ ಹತ್ತು ವರ್ಷ ತಡವಾಗಿ ಬಂದವನು ಬರೆದು ಸಹಿ ಹಾಕುವುದು. ಅವನು ಒಳ್ಳೆಯವನೇ. ಆದರೂ ಅವನ ಪೆನ್ನು ಸಹಿಯ ಚೌಕದೊಳಗೆ ಓಡಾಡುವಾಗ ನಾನು ಮುಖ ಬೇರೆ ಕಡೆ ತಿರುಗಿಸುತ್ತಿದ್ದೆ.

ನನ್ನ ಸಹಿಗೆ ಇದ್ದ ಜಾಗ ತೊಳೆಯುವ ರಿಜಿಸ್ಟರ್ ಒಂದೇ. ಪಾತ್ರೆ ತೊಳೆದ ಹೊತ್ತು, ಪಕ್ಕದಲ್ಲಿ ನನ್ನ ಸಹಿ. ಆ ರಿಜಿಸ್ಟರಿನ ನಿಯಮವನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದಿನ ಅವಾಂತರಕ್ಕೆಲ್ಲ ಅದೇ ಮೂಲ. ಔಷಧ ಕಾರ್ಖಾನೆಯಲ್ಲಿ ತಪ್ಪು ಬರೆದರೆ ಅದನ್ನು ಗೀಚಿ ಕಪ್ಪು ಮಾಡುವ ಹಾಗಿಲ್ಲ, ಬಿಳಿ ಬಣ್ಣ ಹಚ್ಚುವ ಹಾಗಿಲ್ಲ, ಹಾಳೆ ಹರಿಯುವ ಮಾತಂತೂ ಇಲ್ಲವೇ ಇಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ, ಕೆಳಗಿನ ಅಕ್ಷರ ಓದಲು ಬರುವ ಹಾಗೆ. ಪಕ್ಕದಲ್ಲಿ ಸರಿಯಾದದ್ದು. ಅದರ ಪಕ್ಕ ಸಹಿ ಮತ್ತು ತಾರೀಖು. ಸಹಿ ಇಲ್ಲದ ತಿದ್ದುಪಡಿ ಅಲ್ಲಿ ಕಳ್ಳತನಕ್ಕೆ ಸಮ. ಸೇರಿದ ಮೊದಲ ವಾರ ಒಂದು ತಾರೀಖು ಮರೆತು ಎಲ್ಲರೆದುರು ಬೈಸಿಕೊಂಡಿದ್ದೆ. ಆಮೇಲೆ ಅದು ಕೈಗೇ ಹತ್ತಿಬಿಟ್ಟಿತು. ಮನೆಯ ಕಿರಾಣಿ ಚೀಟಿಯಲ್ಲಿ ಬೆಲ್ಲ ಹೊಡೆದು ಸಕ್ಕರೆ ಬರೆದರೂ ಪಕ್ಕದಲ್ಲಿ ಸಹಿ ಹಾಕುತ್ತಿದ್ದೆ. ಅಂಗಡಿಯವನು ಅದನ್ನು ನೋಡಿ ನಕ್ಕದ್ದನ್ನು ಹೆಂಡತಿ ಇಂದಿಗೂ ಮರೆತಿಲ್ಲ.

ಹೀಗಿರುವಾಗ ಹೊರಗಿನಿಂದ ತಪಾಸಣೆಯವರು ಬಂದರು, ಹೋದರು. ಅವರು ಹೋದ ಮೇಲೆ ಒಂದು ನೋಟಿಸು ಅಂಟಿತು. ಬರುವ ದಸರೆಯ ಹೊತ್ತಿಗೆ ಹತ್ತನೇ ಪಾಸಾದ ಪ್ರಮಾಣಪತ್ರ ಕೊಡದವರು ರಿಯಾಕ್ಟರ್ ಮುಟ್ಟುವಂತಿಲ್ಲ, ಅವರನ್ನು ಹಿಂದಿನ ಅಂಗಳದಲ್ಲಿ ಖಾಲಿ ಡ್ರಮ್ಮು ತೊಳೆಯುವ ಕೆಲಸಕ್ಕೆ ಕಳಿಸಲಾಗುವುದು. ಸಂಬಳದಲ್ಲಿ ವ್ಯತ್ಯಾಸ ಇಲ್ಲ ಎಂದೂ ಬರೆದಿದ್ದರು. ಅದನ್ನು ಓದಿ ನನಗೆ ಇನ್ನಷ್ಟು ಸಿಟ್ಟು ಬಂತು.

ನಾನು ಒಂಬತ್ತನೇ ಮುಗಿಸಿ ಶಾಲೆ ಬಿಟ್ಟವನು. ಮುಕ್ತ ಶಾಲೆಯಲ್ಲಿ ಹೆಸರು ಹಚ್ಚಿದರೆ ಮನೆಯಲ್ಲೇ ಓದಿಕೊಂಡು ಒಂದೊಂದೇ ವಿಷಯ ಪಾಸು ಮಾಡಬಹುದು ಎಂದು ಗೊತ್ತಿತ್ತು. ಎರಡು ವರ್ಷದ ಹಿಂದೆ ಯಾವುದೋ ಹುಕಿಯಲ್ಲಿ ಸೇರಿ ನಾಲ್ಕು ವಿಷಯ ಮುಗಿಸಿಯೂ ಇದ್ದೆ. ಅವನ್ನೆಲ್ಲ ಕನ್ನಡದಲ್ಲಿ ಬಾಯಿಪಾಠ ಮಾಡಿ, ಎಲ್ಲೂ ತಿದ್ದುವ ಪ್ರಸಂಗ ಬರದ ಹಾಗೆ ಬರೆದಿದ್ದೆ. ಹೆದರಿಕೆಗೆ ಹಿಂದೆ ತಳ್ಳುತ್ತ ಬಂದದ್ದು ಇಂಗ್ಲಿಷ್ ಒಂದನ್ನೇ. ಈಗ ತಳ್ಳಲು ಜಾಗ ಉಳಿಯಲಿಲ್ಲ.

ಪುಸ್ತಕಗಳು ಅಂಚೆಯಲ್ಲಿ ಬಂದಿದ್ದವು. ಅಟ್ಟದಿಂದ ಇಳಿಸಿ ಧೂಳು ಹೊಡೆದೆ. ಸಮುದ್ರದ ಆಮೆಗಳ ಬಗ್ಗೆ ಒಂದು ಪಾಠ, ಟಪಾಲು ಅಧಿಕಾರಿಗೆ ದೂರು ಬರೆಯುವುದು ಹೇಗೆ ಎಂದು ಒಂದು ಪಾಠ, ಅರ್ಜಿ ತುಂಬುವುದರ ಬಗ್ಗೆ ಇನ್ನೊಂದು. ಸಮುದ್ರವನ್ನು ನಾನು ಕಂಡವನಲ್ಲ. ರಿಯಾಕ್ಟರಿಗಾದರೆ ಮುಳ್ಳಿದೆ, ಎಷ್ಟು ಕುದಿಯಿತು ಎಂದು ತೋರಿಸುತ್ತದೆ. ತಲೆಯೊಳಗೆ ಎಷ್ಟು ಇಳಿಯಿತು ಎಂದು ತೋರಿಸುವ ಮುಳ್ಳು ಯಾವ ಪುಸ್ತಕದಲ್ಲೂ ಇರಲಿಲ್ಲ. ಹತ್ತು ನಿಮಿಷ ಕೂರುವುದು, ಏಳುವುದು, ನೀರು ಕುಡಿಯುವುದು, ಬಾಗಿಲ ಚಿಲಕ ನೋಡುವುದು, ಮತ್ತೆ ಕೂರುವುದು. ಹೀಗೆ ಒಂದು ವಾರ ಹೋಯಿತು.

"ನಿಮ್ಗ ಕೂತು ಓದೋದು ಆಗಂಗಿಲ್ಲ, ನಿಂತಾ ಓದ್ರಿ" ಎಂದಳು ಹೆಂಡತಿ. ಅವಳು ಹುಲಸೂರಿನ ಶಾಲೆಯಲ್ಲಿ ಹತ್ತನೇ ಪಾಸಾದವಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಮದುವೆಯಾಗಿ ಇಷ್ಟು ವರ್ಷ ಆ ಮಾತನ್ನು ಒಮ್ಮೆಯೂ ಎತ್ತಿ ಆಡಿರಲಿಲ್ಲ. ಈಗ ಎತ್ತಿದಳು. "ನಾ ರೊಟ್ಟಿ ಬಡ್ಕೋತ ಕೇಳ್ತೀನಿ, ನೀವ್ ಅಡ್ಡಾಡ್ಕೋತ ಹೇಳ್ರಿ. ತಪ್ಪಿದ್ರ ಮತ್ತ ಮೊದ್ಲಿಂದ."

ಹಾಗೇ ಶುರುವಾಯಿತು. ಸಂಜೆ ಒಲೆಯ ಮುಂದೆ ಅವಳು, ಅಡುಗೆಮನೆಯಿಂದ ಪಡಸಾಲೆಗೆ ಹೋಗಿ ಬಂದು ಮಾಡುತ್ತ ನಾನು. ಬೆಳಿಗ್ಗೆ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಪುಸ್ತಕ. ಸಸ್ತಾಪುರ ಬಂಗ್ಲಾದ ತಿರುವಿನಲ್ಲಿ ಬಸ್ಸು ಹೆದ್ದಾರಿ ಹತ್ತುವ ಹೊತ್ತಿಗೆ ಒಂದು ಪುಟ, ರಾಜೇಶ್ವರ ದಾಟುವಾಗ ಇನ್ನೊಂದು. ಹುಮನಾಬಾದಿನಲ್ಲಿ ತೊಗರಿ ತುಂಬಿದ ಲಾರಿಗಳು ಅಡ್ಡ ನಿಂತರೆ ನನಗೆ ಸಂತೋಷ, ಇನ್ನರ್ಧ ಪುಟ ಆಗುತ್ತಿತ್ತು. ಲಾರಿಗಳಿಗೆ ಬೈಯದ ಪ್ರಯಾಣಿಕ ಇಡೀ ಬಸ್ಸಿನಲ್ಲಿ ನಾನೊಬ್ಬನೇ ಇದ್ದಿರಬೇಕು.

ಭಾನುವಾರ ಬಸವಕಲ್ಯಾಣದ ಒಂದು ಶಾಲೆಯಲ್ಲಿ ನಮ್ಮಂಥವರಿಗೆ ತರಗತಿ ಇರುತ್ತಿತ್ತು. ಕಲಿಸುವವರು ನಿವೃತ್ತ ಮೇಷ್ಟ್ರು. ಉರ್ದು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ನಾರಾಯಣಪುರದಲ್ಲಿ ಇದ್ದವರು. ನಾನು ಬೆಂಚಿನಲ್ಲಿ ಹೊರಳಾಡುವುದನ್ನು ನೋಡಿ ಮೊದಲ ದಿನವೇ, "ಹಿಂದ ಹೋಗಿ ನಿಂತ್ಕೋರಿ, ನಂದೇನ್ ತಕರಾರ್ ಇಲ್ಲ" ಎಂದರು. ಗೋಡೆಗೆ ನೋಟ್‌ಬುಕ್ ಒತ್ತಿ ಹಿಡಿದು ನಿಂತೇ ಬರೆಯುತ್ತಿದ್ದೆ. ಮನೆಯಿಂದ ಬರೆದು ಕೊಡಬೇಕಾದ ಉತ್ತರಗಳನ್ನು ಮೊದಲು ರಫ್ ಹಾಳೆಯಲ್ಲಿ ಬರೆದು, ಹೆಂಡತಿ ತಿದ್ದಿದ ಮೇಲೆ ಚೊಕ್ಕ ಪ್ರತಿ ಮಾಡಿ ಕೊಡುತ್ತಿದ್ದೆ. ಆ ಚೊಕ್ಕ ಪ್ರತಿಯಲ್ಲಿ ತಪ್ಪೂ ಇರುತ್ತಿರಲಿಲ್ಲ, ಗೆರೆಯೂ ಇರುತ್ತಿರಲಿಲ್ಲ. ಹಾಗಾಗಿ ನನ್ನ ಕೈಯ ಚಟ ಮೇಷ್ಟ್ರ ಕಣ್ಣಿಗೆ ಬೀಳಲೇ ಇಲ್ಲ, ರಫ್ ಹಾಳೆಯಲ್ಲಿ ಅದನ್ನು ಕಂಡ ಹೆಂಡತಿ ಕಿರಾಣಿ ಚೀಟಿಯ ಚಟವೇ ಎಂದು ಬಿಟ್ಟಿದ್ದಳು.

ಪರೀಕ್ಷೆಯ ದಿನ ಹಿರಿಯರೂ ಕಿರಿಯರೂ ಸೇರಿ ಒಂದೇ ಕೋಣೆ. ಬೆಂಚು ಮಕ್ಕಳ ಅಳತೆಯದು, ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಉತ್ತರಪತ್ರಿಕೆ ಕೊಟ್ಟರು. ಮೊದಲ ಪುಟದ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನೋ ಸೂಚನೆ ಅಚ್ಚಾಗಿತ್ತು. ಅದಕ್ಕೆ ಅಂಕ ಇಲ್ಲ ಎಂದು ಹಾಳೆ ತಿರುವಿಬಿಟ್ಟೆ. ಕೋಣೆ ಕಾಯುವ ಮೇಡಂ ಬಂದು ಮೊದಲ ಪುಟದಲ್ಲಿ ತಾವೂ ಒಂದು ಸಹಿ ಹಾಕಿದರು. ಇಲ್ಲೂ ನಮ್ಮಲ್ಲಿಯ ಹಾಗೇ ಶಿಸ್ತಿದೆ ಎಂದು ನನಗೆ ಸಮಾಧಾನವೇ ಆಯಿತು.

ಆಮೆಯ ಪಾಠ ಬರಲಿಲ್ಲ, ದೂರಿನ ಪತ್ರ ಬಂತು. ಓಣಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಬಗ್ಗೆ ಬರೆಯಬೇಕು. ಅದನ್ನು ಕಲ್ಪಿಸಿಕೊಳ್ಳುವ ಕಷ್ಟ ನನಗಿರಲಿಲ್ಲ. ಪೆನ್ನು ಓಡಿತು. ತಪ್ಪಾದಲ್ಲಿ ಒಂದು ಗೆರೆ ಎಳೆದೆ, ಸರಿಯಾದದ್ದು ಬರೆದೆ, ಸಹಿ ಹಾಕಿದೆ, ತಾರೀಖು ಬರೆದೆ. ಹನ್ನೊಂದು ಕಡೆ. ಗಂಟೆ ಬಾರಿಸುವ ಮೊದಲು ಒಂದೊಂದನ್ನೂ ಬೆರಳಿಟ್ಟು ಎಣಿಸಿ ನೋಡಿದ್ದೆ, ತಾರೀಖು ಎಲ್ಲಾದರೂ ಮರೆತಿದ್ದರೆ ಎಂದು. ಹೊರಗೆ ಬಂದಾಗ ಹಗುರಾಗಿದ್ದೆ. ಹೆಂಡತಿಗೆಂದು ಬಾಳೆಹಣ್ಣು ಕೊಂಡು ಮನೆಗೆ ಹೋದೆ.

ಮರುದಿನ ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ನಮ್ಮ ಶಿಫ್ಟಿನ ಕೆಮಿಸ್ಟ್ ಪಕ್ಕದಲ್ಲಿ ಡಬ್ಬಿ ಬಿಚ್ಚಿದ. ವಯಸ್ಸಿನಲ್ಲಿ ಚಿಕ್ಕವನು, ಅಧಿಕಾರದಲ್ಲಿ ದೊಡ್ಡವನು. ಆದ್ದರಿಂದ ಅವನು ನನಗೆ ಕಾಕಾ ಎನ್ನುತ್ತಿದ್ದ, ನಾನು ಅವನಿಗೆ ಸರ್ ಎನ್ನುತ್ತಿದ್ದೆ.

"ಹ್ಯಾಂಗಾತು ಕಾಕಾ ಪೇಪರ್?"

"ಮಸ್ತ್ ಆಗ್ಯಾದ್ರಿ ಸರ್. ಹನ್ನೊಂದ್ ಕಡಿ ತಪ್ಪಾಗಿತ್ತು, ಒಂದೂ ಗೀಚಿಲ್ಲ. ಒಂದೊಂದಾ ಗೆರಿ, ಸಹಿ, ತಾರೀಖ. ತಪಾಸಣಿಯವ್ರು ಬಂದ್ ನೋಡಿದ್ರೂ ಏನೂ ಸಿಗಂಗಿಲ್ಲ."

ಅವನ ಕೈಯಲ್ಲಿದ್ದ ರೊಟ್ಟಿಯ ತುತ್ತು ಬಾಯಿಗೆ ಹೋಗಲಿಲ್ಲ. "ಸಹಿ ಹಾಕೀರಿ? ಉತ್ತರಪತ್ರಿಕಿ ಒಳಗ?"

"ಹೌದ್ರಿ. ಮತ್ತೆಲ್ಲಿ ಹಾಕ್ಬೇಕು?"

"ಕಾಕಾ, ಒಳಗ ಸಹಿ ಹಾಕಬಾರ್ದ್ರಿ. ಯಾರ್ ಬರದಾರ ಅಂತ ತಿದ್ದೋರಿಗೆ ಗೊತ್ತಾಗಬಾರ್ದು. ಹೆಸರು, ಸಹಿ, ಏನಾರ ಗುರ್ತು ಬಿಟ್ರ ಕಾಪಿ ಹೊಡದಂಗೇ ಲೆಕ್ಕ. ಮೊದಲನೇ ಪಾನಿನ ಹಿಂದ ಬರದಿರ್ತಾರಲ್ಲ, ಓದಿಲ್ಲೇನ್ ನೀವು?"

ಅಂಕ ಇಲ್ಲವೆಂದು ನಾನು ತಿರುವಿಹಾಕಿದ ಪುಟ. ಇಂಗ್ಲಿಷ್ ಪರೀಕ್ಷೆಯಲ್ಲಿ ಓದಲೇಬೇಕಾಗಿದ್ದ ಇಂಗ್ಲಿಷ್ ಅದೊಂದೇ ಆಗಿತ್ತು. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಹದಿನಾರು ವರ್ಷ ಸಹಿ ಹಾಕದಿದ್ದರೆ ಕಳ್ಳ ಎಂದು ಕಲಿಸಿದರು, ಇಲ್ಲಿ ಸಹಿ ಹಾಕಿದರೆ ಕಳ್ಳ. ಡಬ್ಬಿ ಮುಚ್ಚಿ ಎದ್ದೆ. ಆ ಮಧ್ಯಾಹ್ನ ರಿಯಾಕ್ಟರಿನ ಸುತ್ತ ಎಷ್ಟು ಸುತ್ತು ಹಾಕಿದೆನೋ ಲೆಕ್ಕವಿಲ್ಲ.

ಭಾನುವಾರದವರೆಗೆ ಹೇಗೆ ಕಳೆದೆನೋ. ಬೆಳಿಗ್ಗೆ ಮೊದಲ ಆಟೋ ಹಿಡಿದು ನಾರಾಯಣಪುರಕ್ಕೆ ಹೋದೆ. ಮೇಷ್ಟ್ರ ಮನೆ ಹಳೆಯ ಶಿವನ ಗುಡಿಯ ಹತ್ತಿರದ ಓಣಿಯಲ್ಲಿ. ಅಂಗಳದಲ್ಲಿ ಚಾ ಕುಡಿಯುತ್ತ ಕೂತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ.

"ಹನ್ನೊಂದಾ?" ಎಂದರು. ನಗು ಬಂತು ಅವರಿಗೆ, ನನ್ನ ಮುಖ ನೋಡಿ ತಡೆದುಕೊಂಡರು. "ಪರೀಕ್ಷಾ ಮಂಡಳಿಗಿ ಒಂದ್ ಅರ್ಜಿ ಬರೀರಿ. ಹಿಂಗಿಂಗ ಆಗ್ಯಾದ, ಬೇಕಂತ ಮಾಡಿಲ್ಲ ಅಂತ. ಅವ್ರಿಗಿ ಸಿಗೋಕಿಂತ ಮೊದಲಾ ನಾವ್ ಹೇಳ್ಬೇಕು."

"ನೀವಾ ಬರದ್ ಕೊಡ್ರಿ ಸರ್, ನಾ ಸಹಿ ಹಾಕ್ತೀನಿ."

"ಸಹಿ ಹಾಕೋ ಚಟ ಇನ್ನಾ ಹೋಗಿಲ್ಲ ನೋಡ್ರಿ ನಿಮ್ದು!" ಈ ಸಲ ನಕ್ಕೇಬಿಟ್ಟರು. "ನಾ ಬರದ್ರ ಅದು ನನ್ನ ಮಾತಾಗ್ತದ. ನೀವಾ ಬರೀರಿ, ಇಂಗ್ಲಿಷ್‌ದಾಗ. ನಾ ಇಲ್ಲೇ ಕೂತಿರ್ತೀನಿ, ಎಲ್ಲೂ ಹೋಗಂಗಿಲ್ಲ."

ಅವರ ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟು ನಿಂತೇ ಬರೆದೆ. ನಾನು ಇಂಥ ಕಾರ್ಖಾನೆಯ ಕೆಲಸಗಾರ. ಅಲ್ಲಿ ತಪ್ಪು ತಿದ್ದಿದರೆ ಸಹಿ ಹಾಕಲೇಬೇಕು. ಕೈಗೆ ಅದೇ ರೂಢಿ. ಯಾರಿಗೂ ಗುರುತು ಕೊಡಲು ಹಾಕಿದ್ದಲ್ಲ. ಸೂಚನೆ ಓದದೇ ಹೋದದ್ದು ನನ್ನ ತಪ್ಪು. ಇಷ್ಟಕ್ಕೆ ಬಿಸಿಲು ಅಂಗಳದ ಈ ತುದಿಯಿಂದ ಆ ತುದಿಗೆ ಹೋಗಿತ್ತು. ನನ್ನ ಜನ್ಮದಲ್ಲಿ ನಿಜವಾಗಿ ಕಳಿಸಲೆಂದು ಬರೆದ ಮೊದಲ ಇಂಗ್ಲಿಷ್ ಕಾಗದ, ಅದೂ ತಪ್ಪೊಪ್ಪಿಗೆ. ಓದಿ ನೋಡಿದರೆ ಒಂದು ಕಡೆ ಹದಿನಾರು ವರ್ಷದ ಬದಲು ಅರವತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ ಎಂದಿತ್ತು. ಗೆರೆ ಎಳೆದು ತಿದ್ದಿದೆ. ಪೆನ್ನು ಎತ್ತಿ ನೋಡುತ್ತೇನೆ, ಪಕ್ಕದಲ್ಲಿ ಸಹಿ ಬಿದ್ದಿದೆ, ತಾರೀಖೂ ಬಿದ್ದಿದೆ.

ನನ್ನ ಕೈ ಮೇಲೆ ನನಗೇ ಹೇಸಿಗೆ ಬಂತು. ಹಾಳೆ ಹರಿಯಲು ಹಿಡಿದೆ. ಮೇಷ್ಟ್ರು ಎದ್ದು ಬಂದು ನನ್ನ ಕೈ ಹಿಡಿದರು.

"ಹರಿಬ್ಯಾಡ್ರಿ. ಇದು ಹಿಂಗಾ ಹೋಗ್ಲಿ. ನೀವ್ ಹೇಳೋದು ಖರೇ ಅಂತ ನಿಮ್ಮ ಕೈನಾ ಸಾಕ್ಷಿ ಹೇಳ್ಯಾದ."

ಸೋಮವಾರ ಅದನ್ನು ಹಾಗೇ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸಿದೆ. ಆಮೇಲೆ ಕಾಯುವುದೊಂದೇ ಕೆಲಸ. ನಾನು ಕಾಯಲು ಹುಟ್ಟಿದವನಲ್ಲ. ಮನೆಯ ಮುಂದೆ ಅಂಚೆಯವನ ಸೈಕಲ್ಲು ನಿಂತರೆ ಓಡುತ್ತಿದ್ದೆ, ಪಕ್ಕದ ಮನೆಗೆ ಬಂದಿರುತ್ತಿದ್ದ. ಊಟಕ್ಕೆ ಕೂತು ಅರ್ಧಕ್ಕೆ ಏಳುತ್ತಿದ್ದೆ. ಸಣ್ಣ ಮಾತಿಗೆ ಹೆಂಡತಿಯ ಮೇಲೆ ರೇಗುತ್ತಿದ್ದೆ. ಮೂರನೆಯ ಸಲ ರೇಗಿದಾಗ ಅವಳು, "ನಾ ಏನ್ ನಿಮ್ಮ ಉತ್ತರಪತ್ರಿಕಿ ಅದೀನೇನ್, ಬಂದ್ ಬಂದ್ ನನ್ನ ಮ್ಯಾಲ ಗೆರಿ ಎಳ್ಯಾಕತ್ತೀರಿ?" ಎಂದಳು. ನಾಚಿಕೆಯಾಯಿತು. ಹೊರಗೆ ಹೋಗಿ ಕೋಟೆಯ ತನಕ ನಡೆದು ಬಂದೆ.

ಫಲಿತಾಂಶ ಬಂದ ದಿನ ಕೆಮಿಸ್ಟನೇ ತನ್ನ ಮೊಬೈಲಿನಲ್ಲಿ ನನ್ನ ನಂಬರು ಹಾಕಿ ನೋಡಿದ. ಪಾಸು ಎಂದೂ ಇರಲಿಲ್ಲ, ಫೇಲು ಎಂದೂ ಇರಲಿಲ್ಲ. ತಡೆಹಿಡಿಯಲಾಗಿದೆ ಎಂದಿತ್ತು. ಅದೇ ವಾರ ದಸರೆ ಬಂತು, ಪಟ್ಟಿಯೂ ಬಂತು. ಆಪರೇಟರುಗಳ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಆಯುಧಪೂಜೆಯ ದಿನ ರಿಯಾಕ್ಟರಿಗೆ ಹೂವು ಏರಿಸಿದವನು ನಾನೇ, ಎರಡು ದಿನ ಬಿಟ್ಟು ಹಿಂದಿನ ಅಂಗಳಕ್ಕೆ ಹೋದೆ.

ಡ್ರಮ್ಮು ತೊಳೆಯುವುದು ಕೀಳು ಕೆಲಸವೇನಲ್ಲ. ನೀರು, ಬ್ರಶ್ಶು, ಬಿಸಿಲು. ಆದರೆ ಗೋಡೆಯಾಚೆಯಿಂದ ನನ್ನ ರಿಯಾಕ್ಟರಿನ ಸದ್ದು ಕೇಳುತ್ತಿತ್ತು, ಅದನ್ನು ಕೇಳದಿರಲು ನನಗೆ ಆಗುತ್ತಿರಲಿಲ್ಲ. ಒಂದು ದಿನ ಸದ್ದು ಭಾರವಾದಂತೆ ಅನ್ನಿಸಿತು. ಬ್ರಶ್ಶು ಬಿಸಾಕಿ ಓಡಿದೆ. ಬಾಗಿಲಲ್ಲೇ ತಡೆದರು. "ಪಟ್ಟಿಯಾಗ ನಿಮ್ಮ ಹೆಸರಿಲ್ರಿ ಕಾಕಾ, ಒಳಗ ಬಿಡಂಗಿಲ್ಲ" ಎಂದ ವಾಚ್‌ಮನ್, ತಲೆ ತಗ್ಗಿಸಿ. ಅವನಿಂದಲೇ ಹೇಳಿ ಕಳಿಸಿದೆ. ಒಳಗೆ ನೋಡಿಕೊಂಡರಂತೆ, ಸರಿ ಮಾಡಿದರಂತೆ. ಆ ಸಂಜೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಅತ್ತೆ. ಮುಖ ಕಿಟಕಿಯ ಕಡೆಗಿತ್ತು, ಯಾರೂ ನೋಡಲಿಲ್ಲ.

ಕಾಗದ ಬಂದದ್ದು ಅದಾಗಿ ಹತ್ತು ದಿನಕ್ಕೆ. ಕೆಲಸದಿಂದ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಲಕೋಟೆ ಹಿಡಿದು ನಿಂತಿದ್ದಳು. ಮಧ್ಯಾಹ್ನ ಬಂದಿತ್ತಂತೆ, ಒಡೆದಿರಲಿಲ್ಲ.

"ಒಡದ್ ಓದ್ಬೇಕಿಲ್ಲ? ನಿನಗ ಬರ್ತಿತ್ತಲ್ಲ."

"ನಿಮ್ಗ ಬಂದದ ಅದು. ನೀವಾ ಓದ್ರಿ."

ಚಪ್ಪಲಿ ಕಳಚದೆ ಹೊಸ್ತಿಲಲ್ಲೇ ಒಡೆದೆ. ಇಡೀ ಕಾಗದ ಇಂಗ್ಲಿಷಿನಲ್ಲಿತ್ತು. ತಮ್ಮ ಉತ್ತರಪತ್ರಿಕೆಯಲ್ಲಿ ಹನ್ನೊಂದು ಸ್ಥಳಗಳಲ್ಲಿ ಸಹಿ ಕಂಡುಬಂದಿದೆ. ತಮ್ಮ ವಿವರಣೆಯನ್ನು ಸಮಿತಿ ಓದಿದೆ. ಆ ವಿವರಣೆಯಲ್ಲಿಯೂ ಅದೇ ರೀತಿಯ ಸಹಿ ಇರುವುದನ್ನು ಗಮನಿಸಿ, ಇದು ದುರುದ್ದೇಶದ ಕೆಲಸವಲ್ಲ ಎಂದು ಸಮಿತಿ ಒಪ್ಪಿದೆ. ತಮ್ಮ ಮೇಲೆ ಕ್ರಮವಿಲ್ಲ. ಆದರೆ ನಿಯಮ ನಿಯಮವೇ ಆದ್ದರಿಂದ ಈ ಪತ್ರಿಕೆಗೆ ಅಂಕ ಕೊಡಲಾಗದು. ಮುಂದಿನ ಪರೀಕ್ಷೆಗೆ ತಾವು ಅರ್ಜಿ ಹಾಕಬಹುದು.

"ಏನಂತ?" ಎಂದಳು ಹೆಂಡತಿ.

ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಅವಳು ಕಾಗದ ಇಸಿದುಕೊಂಡು ಒಮ್ಮೆ ಕಣ್ಣಾಡಿಸಿದಳು.

"ಬರೋಬ್ಬರಿ ಹೇಳೀರಿ. ಒಂದೂ ಬಿಟ್ಟಿಲ್ಲ."

ಆಗಲೇ ನನಗೆ ಗೊತ್ತಾಯಿತು. ಯಾರನ್ನೂ ಕೇಳಿರಲಿಲ್ಲ, ಯಾವ ಪದಕ್ಕೂ ತಡೆದಿರಲಿಲ್ಲ. ಪಾಸಾಗಲಿಲ್ಲ ಎಂದು ಹೇಳುವ ಕಾಗದವನ್ನು ಪೂರ್ತಿ, ಒಂದೇ ಉಸಿರಿಗೆ, ನಾನೇ ಓದಿದ್ದೆ. ಇನ್ನೊಂದೂ ಗೊತ್ತಾಯಿತು. ಓದುತ್ತ ಓದುತ್ತ ಯಾವಾಗಲೋ ಹೊಸ್ತಿಲ ಮೇಲೆ ಕೂತುಬಿಟ್ಟಿದ್ದೆ. ಕಾಲು ಅಲುಗಾಡುತ್ತಿರಲಿಲ್ಲ.

ಈಗ ಮತ್ತೆ ಸಂಜೆ ಒಲೆಯ ಮುಂದೆ ಅವಳು, ಪಡಸಾಲೆಯಲ್ಲಿ ನಾನು. ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತೇನೆ. ತಪ್ಪಾದರೆ ಒಂದು ಗೆರೆ ಎಳೆಯುತ್ತೇನೆ. ಪೆನ್ನು ಪಕ್ಕಕ್ಕೆ ಸರಿದರೆ ಅವಳು ಲಟ್ಟಣಿಗೆಯಿಂದ ನೆಲ ಬಡಿಯುತ್ತಾಳೆ. ಮೊದಮೊದಲು ಇಡೀ ಸಂಜೆ ಬಡಿಯುತ್ತಿದ್ದಳು, ಈಗ ಒಂದೋ ಎರಡೋ ಸಲ. ಕೈಗೆ ಕಾರ್ಖಾನೆಯದೊಂದು, ಪರೀಕ್ಷೆಯದೊಂದು ಎಂದು ಎರಡು ಮನೆಯ ರೀತಿ ಕಲಿಸುವುದು ಇಂಗ್ಲಿಷಿಗಿಂತ ಕಷ್ಟ. ಕಾರ್ಖಾನೆಯಲ್ಲಿ ಗೋಡೆಯಾಚೆಯ ರಿಯಾಕ್ಟರಿನ ಸದ್ದು ಮಾತ್ರ ಹಗಲೆಲ್ಲ ಕೇಳುತ್ತಲೇ ಇರುತ್ತದೆ, ಒಳಗೆ ಹೋಗುವ ತನಕ ನನಗೆ ನೆಮ್ಮದಿಯಿಲ್ಲ.

ಮೊನ್ನೆ ಹೊಸ ಅರ್ಜಿ ತುಂಬಿದೆ. ಈ ಸಲ ಸೂಚನೆಗಳನ್ನು ಮೊದಲು ಓದಿದೆ, ಎರಡು ಸಲ. ಹೆಸರು, ವಿಳಾಸ, ವಿಷಯ ಎಲ್ಲ ಬರೆದೆ. ಕೊನೆಗೆ ಕೆಳಗಿನ ಮೂಲೆಯ ಚೌಕಕ್ಕೆ ಬಂದು ಪೆನ್ನು ನಿಂತುಬಿಟ್ಟಿತು. ಅಲ್ಲಿ ಏನು ಬರೆದಿದೆ ಎಂದು ಓದಲು ಬರುತ್ತಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ. ತಲೆ ಎತ್ತಿ ಹೆಂಡತಿಯ ಕಡೆ ನೋಡಿದೆ.

ಅವಳು ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದಳು. "ಹಾಕ್ರಿ ಸಹಿ" ಎಂದಳು. "ಇಲ್ಲಿ ಅವ್ರಾ ಕೇಳ್ಯಾರ."

ಹಾಕಿದೆ.